ಅಂಗಡಿಗೆ ಸಣ್ಣ ಜನರೇಟರ್: ಎಷ್ಟು ಕೆವಿಎ, ಹೇಗೆ ಕಾಪಾಡುವುದು
ಬಲ್ಬು, ಫ್ಯಾನುಗಳ ವ್ಯಾಟ್ ಕೂಡಿಸಿ ಜನರೇಟರ್ ಕೊಂಡರೆ ಪಂಪ್ ಹಾಕಿದ ಕೂಡಲೇ ಅದು ಮುಗ್ಗರಿಸುತ್ತದೆ. ಸ್ಟಾರ್ಟ್ ಆಗುವ ಕ್ಷಣದಲ್ಲಿ ಮೋಟಾರು ಐದಾರು ಪಟ್ಟು ಕರೆಂಟು ಎಳೆಯುತ್ತದೆ. 1 ಎಚ್‌ಪಿ ಪಂಪಿದ್ದರೆ 3 ಕೆವಿಎಗಿಂತ (ಕೆವಿಎ ಅಂದರೆ ಜನರೇಟರಿನ ಸಾಮರ್ಥ್ಯದ ಅಳತೆ) ಕಡಿಮೆ ಬೇಡ. ಮೊದಲು ಪಂಪ್ ಹಾಕಿ, ಆಮೇಲೆ ಉಳಿದದ್ದು.

ಚೇಂಜ್‌ಓವರ್ ಸ್ವಿಚ್ಚಿಲ್ಲದೆ (ಲೈನ್ ಕರೆಂಟು ಇಲ್ಲವೇ ಜನರೇಟರ್, ಒಂದನ್ನೇ ಜೋಡಿಸುವ ಸ್ವಿಚ್ಚು) ಜನರೇಟರಿನ ವೈರನ್ನು ಸಾಕೆಟ್ಟಿಗೇ ಸಿಕ್ಕಿಸುವವರುಂಟು. ಕರೆಂಟು ಹಿಂದಕ್ಕೆ ಹರಿದರೆ ಕಂಬದ ಮೇಲಿರುವ ಲೈನ್‌ಮ್ಯಾನ್ ಜೀವಕ್ಕೇ ಕುತ್ತು. ಜನರೇಟರ್ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಇರುತ್ತದೆ, ಶಟರ್ ಒಳಗೆ ಇಡಲೇಬೇಡಿ.

ಪೆಟ್ರೋಲ್ ಜನರೇಟರು ಸುಮ್ಮನೆ ನಿಂತೇ ಹೆಚ್ಚು ಕೆಡುತ್ತದೆ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲ್ ಅಂಟಾಗಿ, ಅದರ ಸಣ್ಣ ತೂತು (ಜೆಟ್) ಕಟ್ಟಿಕೊಳ್ಳುತ್ತದೆ. ನಿಲ್ಲಿಸುವಾಗ ಲೋಡ್ (ಜೋಡಿಸಿದ ಪಂಪು, ಬಲ್ಬು, ಫ್ಯಾನು) ತೆಗೆದು, ಪೆಟ್ರೋಲ್ ಬರುವ ನಲ್ಲಿ (ಫ್ಯುಯಲ್ ಕಾಕ್) ಮುಚ್ಚಿ, ಎಂಜಿನ್ ತಾನಾಗಿ ಆಫ್ ಆಗಲು ಬಿಡಿ. ತಿಂಗಳಿಗೊಮ್ಮೆ ಲೋಡ್ ಹಾಕಿ 15 ನಿಮಿಷ ಓಡಿಸಿ. ಆಯಿಲ್ ಹೊಸದರಲ್ಲಿ 20 ಗಂಟೆಗೆ, ಆಮೇಲೆ 100 ಗಂಟೆಗೊಮ್ಮೆ ಬದಲಿಸಿ.