ಕನ್ನಡಕದ ನಂಬರ್ ನೋಡಿಸಿದರೆ ಸಾಲದು

ಹಾಸನದ ಅಕ್ಕ-ಅಣ್ಣಂದಿರೇ, ಮನೆಯಲ್ಲಿ 40 ದಾಟಿದವರಿದ್ದರೆ ದಯವಿಟ್ಟು ಇದನ್ನು ಓದಿ.

ನಮ್ಮಪ್ಪ ಸಕಲೇಶಪುರದ ಹತ್ತಿರ ತೋಟದಲ್ಲಿರುತ್ತಾರೆ. "ಪೇಪರ್ ಚೆನ್ನಾಗೇ ಓದ್ತೀನಲ್ಲ, ಕಣ್ಣಿಗೇನಾಗಿದೆ?" ಅನ್ನುತ್ತಿದ್ದರು. ಹೋದ ತಿಂಗಳು ಸುಮ್ನೆ ಒಮ್ಮೆ ತೋರಿಸೋಣ ಅಂತ ಕರೆದುಕೊಂಡು ಹೋದೆ. ಕಣ್ಣಿನೊಳಗಿನ ಒತ್ತಡ ಜಾಸ್ತಿ ಇತ್ತು. ಗ್ಲಾಕೋಮಾ, ಅಂದರೆ ಕಣ್ಣಿನ ನರ ಹಾಳಾಗುತ್ತಾ ಹೋಗುವ ಕಾಯಿಲೆ, ಶುರುವಾಗಿತ್ತು. ಇದರಲ್ಲಿ ಸಾಮಾನ್ಯವಾಗಿ ನೋವಿರಲ್ಲ, ಕಣ್ಣು ಕೆಂಪಾಗಲ್ಲ. ನೋಟ ಅಂಚಿನಿಂದ ಮಸುಕಾಗುತ್ತಾ ಬರುತ್ತದೆ, ನಡುವೆ ಚೆನ್ನಾಗೇ ಕಾಣುತ್ತಿರುತ್ತದೆ. ಹೇಗೆ ಗೊತ್ತಾಗಬೇಕು ಹೇಳಿ? ಹೋದ ನೋಟ ವಾಪಸ್ ಬರುವುದಿಲ್ಲ. ಬೇಗ ಸಿಕ್ಕಿದರೆ ಡ್ರಾಪ್ಸ್ ಹಾಕಿ ಉಳಿದದ್ದನ್ನು ಕಾಪಾಡಿಕೊಳ್ಳಬಹುದು. ಮನೆಯಲ್ಲಿ ಯಾರಿಗಾದರೂ ಇದು ಇದ್ದರೆ ಒಡಹುಟ್ಟಿದವರು, ಮಕ್ಕಳು ಎಲ್ಲರೂ ತೋರಿಸಬೇಕು. ನಾನೂ ತೋರಿಸಿದೆ.

ಶುಗರ್ ಇರುವವರು ಕಣ್ಣು ಚೆನ್ನಾಗಿ ಕಂಡರೂ ವರ್ಷಕ್ಕೊಮ್ಮೆ ರೆಟಿನಾ (ಕಣ್ಣಿನ ಹಿಂಭಾಗದ ಪರದೆ) ಪರೀಕ್ಷೆ ಮಾಡಿಸಲೇಬೇಕು. ಕನ್ನಡಕದಂಗಡಿಯಲ್ಲಿ ಬರೀ ನಂಬರ್ ನೋಡಿಸಿದರೆ ಇದ್ಯಾವುದೂ ತಿಳಿಯಲ್ಲ. ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೂ ಕಣ್ಣಿನ ವಿಭಾಗ ಇದೆ.

ಪರೀಕ್ಷೆಗೆ ಅಂತ ಪಾಪೆ ಹಿಗ್ಗಲು ಡ್ರಾಪ್ಸ್ ಹಾಕಿದರೆ ಕೆಲವು ಗಂಟೆ ಮಂಜಾಗುತ್ತದೆ, ಬಿಸಿಲು ಕುಕ್ಕುತ್ತದೆ. ಬೈಕಲ್ಲಿ ಒಬ್ಬರೇ ಹೋಗಬೇಡಿ. ಹಳೇ ಕನ್ನಡಕ, ತೆಗೆದುಕೊಳ್ಳುವ ಮಾತ್ರೆಗಳ ಚೀಟಿ ಜೊತೆಗಿರಲಿ.