ಟೇಬಲ್ ಮೇಲೆ ಲೈಟರ್ ಇಟ್ಟ ಗಿರಾಕಿಗೆ ಏನು ಹೇಳಬೇಕು

ಸಾರ್ವಜನಿಕ ಸ್ಥಳದಲ್ಲಿ ಸಿಗರೇಟ್ ಸೇದಬಾರದು ಅನ್ನುವ ಹೊಸ ನಿಯಮ ದೇಶದಲ್ಲಿ ಜಾರಿಗೆ ಬಂದದ್ದು 2008ರ ಅಕ್ಟೋಬರ್ 2ರಂದು. ಗಾಂಧಿ ಜಯಂತಿ, ಡ್ರೈ ಡೇ, ನಮ್ಮ ಬಾರ್‌ಗೆ ಬೀಗ. ಹಾಗಾಗಿ ನಮಗೆ ಅದು ಬಂದದ್ದು ಮರುದಿನ, ಶುಕ್ರವಾರ ಸಂಜೆ. ಓನರ್ ಬೆಳಿಗ್ಗೆಯೇ ಆಶ್‌ಟ್ರೇಗಳನ್ನೆಲ್ಲ ಬಿಯರ್ ಕ್ರೇಟಿಗೆ ತುಂಬಿಸಿ ಸ್ಟೋರ್ ರೂಮಿಗೆ ಹಾಕಿಸಿದ್ದರು. ಗಿರಾಕಿಗಳಿಗೆ ಏನು ಹೇಳಬೇಕು ಅಂತ ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ಏಳೂವರೆಗೆ ಟೇಬಲ್ ಭರ್ತಿ. ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಉಪ್ಪಿನಕಾಯಿ ತಟ್ಟೆ, ನೀರಿನ ಬಾಟಲಿ ಮುಚ್ಚಳ, ಕಡ್ಲೆಕಾಯಿ ಸಿಪ್ಪೆ, ಎಲ್ಲದರಲ್ಲೂ ಬೂದಿ.

ನಾನು ಕುಂದಾಪುರದ ಕಡೆಯವನು. ಹದಿನೆಂಟು ತುಂಬಿದ ಮೇಲೆ ಬೆಂಗಳೂರಿಗೆ ಬಂದು ಬಾರ್ ಅಂಡ್ ರೆಸ್ಟೋರೆಂಟ್‌ನಲ್ಲಿ ಕ್ಲೀನರ್ ಆಗಿ ಸೇರಿದೆ, ಆಮೇಲೆ ಸಪ್ಲೈಯರ್, ಈಗ ಮ್ಯಾನೇಜರ್. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗರಿಗೆ ಮೊದಲ ವಾರ ಹೇಳಿಕೊಡುವುದನ್ನೇ ಇಲ್ಲಿ ಬರೆದಿದ್ದೇನೆ. ಬಾರ್ ನಡೆಸುವವರಿಗೂ ಇದು ಉಪಯೋಗಕ್ಕೆ ಬರಬಹುದು, ಪಕ್ಕದ ಟೇಬಲಿನ ಹೊಗೆ ತಡೆಯಲಾಗದೆ ಏನು ಮಾಡಬೇಕೋ ತಿಳಿಯದೆ ಕೂತಿರುವವರಿಗೂ.

ಮೊದಲು ಇದು ಯಾರಿಗಾಗಿ ಅಂತ ತಿಳ್ಕೊಳ್ಳಿ

ನಿಯಮ ಇರುವುದು ಗಿರಾಕಿಗೆ ತೊಂದರೆ ಕೊಡಲಿಕ್ಕೆ ಅಂತ ನಂಬಿದ ಹುಡುಗನ ದನಿಯಲ್ಲಿ ಅಳುಕು ಇರುತ್ತದೆ. ಗಿರಾಕಿಗೆ ಅದು ಕೂಡಲೇ ಗೊತ್ತಾಗುತ್ತದೆ. ಅದಕ್ಕೇ ನಾನು ಮೊದಲು ಗೋಡೆಯ ಕಥೆ ಹೇಳುತ್ತೇನೆ.

2009ರಲ್ಲಿ ನಮ್ಮಲ್ಲಿ ಬಣ್ಣ ಹೊಡೆಸಿದರು. ಕ್ಯಾಶ್ ಕೌಂಟರ್ ಹಿಂದೆ ವರ್ಷಗಟ್ಟಲೆ ಒಂದೇ ಮೊಳೆಗೆ ಕ್ಯಾಲೆಂಡರ್ ನೇತು ಹಾಕುತ್ತಿದ್ದೆವು. ಅದನ್ನು ತೆಗೆದಾಗ ಕೆಳಗೆ ಹಾಲಿನ ಕೆನೆಯಂಥ ಬಿಳಿ ಚೌಕ. ಸುತ್ತಲಿನ ಗೋಡೆಯೆಲ್ಲ ಸ್ಟ್ರಾಂಗ್ ಟೀ ಬಣ್ಣ. ಗೋಡೆಯ ಬಣ್ಣವೇ ಅಷ್ಟು ಅಂತ ನಾವೆಲ್ಲ ಅಂದುಕೊಂಡಿದ್ದೆವು. ಫ್ಯಾನಿನ ರೆಕ್ಕೆ ಒರೆಸಲು ಹೋದರೆ ಬಟ್ಟೆ ಜಾರುತ್ತಿರಲಿಲ್ಲ, ಹಲಸಿನ ಮೇಣದ ಹಾಗೆ ಅಂಟುತ್ತಿತ್ತು. ಬಿಸಿ ನೀರು, ಸೋಪಿನ ಪುಡಿ ಹಾಕಿ ಉಜ್ಜಿದರೆ ಬಕೆಟ್ ನೀರು ಕಂದು. ಆ ಫ್ಯಾನಿನ ಕೆಳಗೆ ನಾನು ದಿನಕ್ಕೆ ಹನ್ನೆರಡು ಗಂಟೆ ಉಸಿರಾಡಿದ್ದೆ.

ಊರಿಗೆ ಹೋದಾಗ ಅಮ್ಮ ನನ್ನ ಬ್ಯಾಗಿನ ಬಟ್ಟೆ ತೆಗೆದು ಮೂಸಿ ಕೇಳಿದ್ದಳು, "ಎಂತ ಮಗಾ, ನೀನೂ ಬೀಡಿ ಎಳೂಕೆ ಸುರು ಮಾಡಿದ್ಯಾ?" ನಾನು ಈವರೆಗೆ ಒಂದು ಸಿಗರೇಟೂ ಸೇದಿದವನಲ್ಲ. ಆದರೂ ಬೆಳಗಿನ ಜಾವ ಕೆಮ್ಮು ಬರುತ್ತಿತ್ತು.

ಗಿರಾಕಿ ಕೂರುವುದು ಒಂದೂವರೆ ಗಂಟೆ. ಅವನು ಎದ್ದು ಹೋದ ಮೇಲೆ ಇನ್ನೊಬ್ಬ ಬರುತ್ತಾನೆ. ಸಪ್ಲೈಯರ್ ಮಾತ್ರ ಅಲ್ಲೇ ಇರುತ್ತಾನೆ. ಸ್ಕಾಟ್ಲೆಂಡಿನಲ್ಲಿ 2006ರ ಮಾರ್ಚ್‌ನಲ್ಲಿ ಪಬ್‌ಗಳಲ್ಲಿ ಸಿಗರೇಟ್ ನಿಲ್ಲಿಸಿದಾಗ ಅಲ್ಲಿನ ಬಾರ್ ಕೆಲಸಗಾರರನ್ನು ಡಾಕ್ಟರುಗಳು ಪರೀಕ್ಷೆ ಮಾಡಿದರು. ನಿಷೇಧಕ್ಕೆ ಮುಂಚೆ ನೂರಕ್ಕೆ ಸುಮಾರು 79 ಮಂದಿಗೆ ಕೆಮ್ಮು, ಉಬ್ಬಸ, ಕಣ್ಣುರಿ, ಗಂಟಲು ಕೆರೆತದಂಥ ತೊಂದರೆಗಳಿದ್ದವು. ಎರಡೇ ತಿಂಗಳಲ್ಲಿ ಅದು 47ರ ಹತ್ತಿರ ಇಳಿಯಿತು. ನನ್ನ ಕೆಮ್ಮೂ ಆ ಬಣ್ಣ ಹೊಡೆಸಿದ ವರ್ಷವೇ ಕಡಿಮೆಯಾಯಿತು. ಅದಕ್ಕೇ ಹುಡುಗರಿಗೆ ಹೇಳುವುದು: ನೀನು ಗಿರಾಕಿ ಹತ್ತಿರ ಹೋಗಿ ಮಾತಾಡುವಾಗ ಓನರ್ ಪರವಾಗಿಯೋ ಸರ್ಕಾರದ ಪರವಾಗಿಯೋ ಮಾತಾಡುತ್ತಿಲ್ಲ, ನಿನ್ನ ಎದೆಗೂಡಿನ ಪರವಾಗಿ ಮಾತಾಡುತ್ತಿದ್ದೀಯ.

ಹಚ್ಚುವ ಮುಂಚೆ ಮಾತಾಡಿ

ಇಡೀ ಕೆಲಸದ ಗುಟ್ಟು ಇಷ್ಟೇ. ಸಿಗರೇಟ್ ಹೊತ್ತಿಕೊಂಡ ಮೇಲೆ ಹೇಳಿದರೆ ಅದು ಮರ್ಯಾದೆ ಪ್ರಶ್ನೆ ಆಗುತ್ತದೆ. ಹತ್ತು ಹನ್ನೆರಡು ರೂಪಾಯಿಗೂ ಮಿಕ್ಕಿದ ಸಿಗರೇಟು, ಅರ್ಧಕ್ಕೆ ಆರಿಸು ಅಂದರೆ ಯಾರಿಗೂ ಇಷ್ಟವಾಗುವುದಿಲ್ಲ, ಅದರಲ್ಲೂ ಸ್ನೇಹಿತರ ಮುಂದೆ. ಸೇದುವವರು ಕೂತ ಕೂಡಲೇ ಪ್ಯಾಕೆಟ್ಟು, ಅದರ ಮೇಲೆ ಲೈಟರ್ ತೆಗೆದು ಟೇಬಲ್ ಮೇಲೆ ಇಡುತ್ತಾರೆ. ಆರ್ಡರ್ ತಗೊಳ್ಳುವಾಗಲೇ ಅದನ್ನು ನೋಡಿರಬೇಕು. ನೀರು ಇಡುವಾಗಲೇ ಹೇಳಿಬಿಡಬೇಕು.

ಎದುರಿಗೆ ನಿಂತು ಹೇಳಬೇಡಿ, ಪಕ್ಕಕ್ಕೆ ನಿಂತು ಸ್ವಲ್ಪ ಬಗ್ಗಿ, ಅವರೊಬ್ಬರಿಗೇ ಕೇಳುವ ಹಾಗೆ ಹೇಳಿ. "ಇಲ್ಲಿ ಸೇದಬಾರದು" ಅಂತ ಶುರು ಮಾಡಬೇಡಿ. "ಸರ್, ಸಿಗರೇಟಿಗೆ ಹಿಂದೆ ಪಾರ್ಕಿಂಗ್ ಕಡೆ ಬೆಂಚ್ ಹಾಕಿದೀವಿ, ನೀವು ಹೋಗಿ ಬನ್ನಿ, ಟೇಬಲ್ ನಾನು ನೋಡ್ಕೋತೀನಿ." ಎಲ್ಲಿ ಸೇದಬಹುದು ಅನ್ನುವುದು ಮೊದಲು ಬರಬೇಕು.

"ಟೇಬಲ್ ನಾನು ನೋಡ್ಕೋತೀನಿ" ಅನ್ನುವ ಮಾತು ಯಾಕೆ ಬೇಕು ಅಂತ ನನಗೆ ಅರ್ಥವಾಗಲು ಒಂದು ವರ್ಷ ಹಿಡಿಯಿತು. ಒಬ್ಬನೇ ಬರುವ ಗಿರಾಕಿ ಎದ್ದು ಹೊರಗೆ ಹೋಗಲು ಹೆದರುತ್ತಾನೆ. ಹೋಗಿ ಬರುವಷ್ಟರಲ್ಲಿ ಕ್ಲೀನರ್ ಹುಡುಗ ಅರ್ಧ ಪೆಗ್ ಇರುವ ಗ್ಲಾಸ್ ಎತ್ತಿಬಿಡುತ್ತಾನೆ, ಇಲ್ಲವೇ ಕುರ್ಚಿಯಲ್ಲಿ ಬೇರೆಯವರು ಕೂತಿರುತ್ತಾರೆ. ಆ ಭಯಕ್ಕೇ ಎಷ್ಟೋ ಜನ ಕೂತಲ್ಲೇ ಹಚ್ಚುತ್ತಿದ್ದರು. ಈಗ ನಮ್ಮಲ್ಲಿ ಗಿರಾಕಿ ಸಿಗರೇಟಿಗೆ ಎದ್ದರೆ ಸಪ್ಲೈಯರ್ ಅವನ ಗ್ಲಾಸಿನ ಮೇಲೆ ಒಂದು ಸಾಸರ್ ಮುಚ್ಚುತ್ತಾನೆ, ಅವನ ಕಣ್ಣೆದುರೇ. ಸಾಸರ್ ಇರುವ ಟೇಬಲಿಗೆ ಯಾರೂ ಕೈ ಹಾಕುವ ಹಾಗಿಲ್ಲ. ಬೋರ್ಡು, ದಂಡ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಆ ಸಾಸರ್.

ಹಚ್ಚಿಯೇ ಬಿಟ್ಟಿದ್ದರೆ? ಹತ್ತಿರ ಹೋಗಿ ಅದೇ ಮಾತು ಹೇಳಿ, ಬೇಕಾದರೆ ಬಾಗಿಲವರೆಗೆ ಜೊತೆಗೇ ನಡೆಯಿರಿ. ಆದರೆ ಕೈ ಮಾತ್ರ ಹಾಕಬೇಡಿ. ಒಂದು ಡಿಸೆಂಬರ್ 31ರ ರಾತ್ರಿ ಮೂರು ಸಲ ಹೇಳಿದರೂ ಕೇಳದ ಒಬ್ಬರ ಬೆರಳಿನಿಂದ ನಾನು ಸಿಗರೇಟ್ ಕಿತ್ತುಕೊಂಡೆ. ಅವರು ಎದ್ದ ರಭಸಕ್ಕೆ ಟೇಬಲ್ ವಾಲಿತು, ಗ್ಲಾಸ್ ಒಡೆಯಿತು, ಚೂರು ಹೆಕ್ಕಲು ಬಗ್ಗಿದ ಕ್ಲೀನರ್ ಹುಡುಗನ ಅಂಗೈ ಸೀಳಿ ಮೂರು ಹೊಲಿಗೆ ಬಿತ್ತು. ತಪ್ಪು ನನ್ನದು, ನೋವು ಅವನದು. ಅಂದಿನಿಂದ ನಮ್ಮಲ್ಲಿ ನಿಯಮ ಮಾಡಿದ್ದೇವೆ: ಎರಡು ಸಲ ಹೇಳಿ, ಕೇಳದಿದ್ದರೆ ಮ್ಯಾನೇಜರ್ ಬರುತ್ತಾರೆ. ಮ್ಯಾನೇಜರಿಗೂ ಕೇಳದಿದ್ದರೆ ಮುಂದಿನ ಆರ್ಡರ್ ಇಲ್ಲ, ಬಿಲ್ ಬರುತ್ತದೆ. ಕಿರುಚಾಟ ಶುರುವಾದರೆ ಪೊಲೀಸ್‌ಗೆ ಫೋನ್. ಸಪ್ಲೈಯರ್‌ಗೆ ದಂಡ ಹಾಕುವ ಅಧಿಕಾರವಿಲ್ಲ, ಆ ಬೆದರಿಕೆಯನ್ನು ಅವನು ಹಾಕಲೂ ಬಾರದು.

ಜನ ಏನೇನು ಅಂತಾರೆ

ಇಷ್ಟು ವರ್ಷಗಳಲ್ಲಿ ಕೇಳಿದ ಮಾತು ಹೆಚ್ಚೆಂದರೆ ಐದಾರು ಬಗೆಯವು. ಮುಂಚೆಯೇ ಗೊತ್ತಿದ್ದರೆ ಕೋಪ ಬರುವುದಿಲ್ಲ.

"ಎಣ್ಣೆ ಹಾಕೋಕೆ ಬಿಡ್ತೀರ, ಸಿಗರೇಟ್ ಬೇಡ್ವಾ?" ಇದು ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ, ಅದಕ್ಕೇ ನ್ಯಾಯವಾದ ಉತ್ತರ ಕೊಡಿ: "ಸರ್, ನಿಮ್ಮ ನೈಂಟಿ ನಿಮ್ಮ ಹೊಟ್ಟೆಗೆ ಮಾತ್ರ ಹೋಗುತ್ತೆ, ಹೊಗೆ ನನ್ನ ಎದೆಗೂ ಬರುತ್ತೆ." ಇದನ್ನು ನಗುನಗುತ್ತಾ ಹೇಳಿದರೆ ಹತ್ತರಲ್ಲಿ ಎಂಟು ಜನ ಎದ್ದು ಹೋಗುತ್ತಾರೆ.

"ಹೊರಗೆ ರೋಡಲ್ಲಿ ಗಾಡಿ ಹೊಗೆ ಇಲ್ವಾ?" ಅಂತ ಕೇಳುವವರ ಜೊತೆ ವಾದಕ್ಕೆ ಇಳಿಯಬೇಡಿ. ಇದೆ ಸರ್, ಒಳಗಾದರೂ ಬೇಡ ಅಂತ ಅಷ್ಟೇ.

"ಫೈನ್ ಎಷ್ಟು, ಇನ್ನೂರು ತಾನೇ? ತಗೋ" ಅಂತ ನೋಟು ಟೇಬಲ್ ಮೇಲೆ ಹಾಕುತ್ತಿದ್ದವರಿದ್ದರು. 2003ರ ಕೋಟ್ಪಾ, ಅಂದರೆ ಸಿಗರೇಟ್ ಮತ್ತು ತಂಬಾಕಿಗೆ ಕಡಿವಾಣ ಹಾಕುವ ಕೇಂದ್ರದ ಕಾಯ್ದೆಯಲ್ಲಿ ದಂಡ ಇದ್ದದ್ದೇ 200 ರೂಪಾಯಿವರೆಗೆ, ಒಂದು ಪ್ಲೇಟ್ ಚಿಲ್ಲಿ ಚಿಕನ್ ರೇಟು. ಕರ್ನಾಟಕ ತನ್ನ ತಿದ್ದುಪಡಿ ತಂದು 2025ರ ಮೇ ತಿಂಗಳಲ್ಲಿ ಜಾರಿ ಮಾಡಿದ ಮೇಲೆ ಅದು 1000 ರೂಪಾಯಿವರೆಗೆ ಏರಿದೆ. ಆ ನೋಟು ಹಾಕುವ ಚಾಳಿ ನಿಂತುಹೋಯಿತು. ಅದೇ ತಿದ್ದುಪಡಿಯಲ್ಲಿ ಹುಕ್ಕಾ ಬಾರ್‌ಗೆ ನಿಷೇಧ ಬಂತು, 21 ವರ್ಷ ತುಂಬದವರಿಗೆ ಸಿಗರೇಟ್ ಮಾರುವ ಹಾಗಿಲ್ಲ, ಬಿಡಿ ಸಿಗರೇಟನ್ನೂ ಮಾರುವ ಹಾಗಿಲ್ಲ. "ಒಂದೇ ಒಂದು ಕೊಡಪ್ಪ" ಅಂತ ಕೌಂಟರಿಗೆ ಬರುವವರಿಗೆ ಇದನ್ನು ಈಗಲೂ ದಿನಾ ಹೇಳಬೇಕು.

"ಆ ಟೇಬಲ್‌ನವರು ಸೇದ್ತಿಲ್ವಾ, ನಮಗೊಂದು ನ್ಯಾಯ ಅವರಿಗೊಂದಾ?" ಈ ಮಾತು ಬಂತೆಂದರೆ ತಪ್ಪು ನಿಮ್ಮದೇ. ಏರಿಯಾದ ಲೀಡರ್, ಅವರ ಹುಡುಗರು, ಓನರ್ ಸ್ನೇಹಿತರು ಬಂದಾಗ ಕಣ್ಣು ಮುಚ್ಚಿಕೊಂಡರೆ ಆ ರಾತ್ರಿ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ. ನಮ್ಮ ಓನರ್ ಸ್ವತಃ ಸೇದುತ್ತಾರೆ, ಎದ್ದು ಬೆಂಚಿಗೇ ಹೋಗುತ್ತಾರೆ. ಅವರನ್ನು ಅಲ್ಲಿ ನೋಡಿದ ಯಾವ ಗಿರಾಕಿಯೂ ನನ್ನ ಜೊತೆ ವಾದ ಮಾಡಿಲ್ಲ.

ಬೈಗುಳದ ನಡುವೆ ಬೇರೆ ಮಾತುಗಳೂ ಬಂದವು. ಮೊದಮೊದಲು ವ್ಯಾಪಾರ ಮುಳುಗುತ್ತೆ ಅಂತ ಎಲ್ಲರೂ ಹೆದರಿದ್ದೆವು, ಕೆಲವರು ತಿಂಗಳುಗಟ್ಟಲೆ ಬರಲೂ ಇಲ್ಲ. ಆಮೇಲೆ ಒಂದು ಭಾನುವಾರ ಮಧ್ಯಾಹ್ನ ಹಳೇ ಗಿರಾಕಿಯೊಬ್ಬರು ಹೆಂಡತಿ, ಮಗಳನ್ನು ಊಟಕ್ಕೆ ಕರೆತಂದರು. "ಈ ಹೊಗೆ ಗುಹೆಗೆ ಇವರನ್ನ ಹೇಗೆ ಕರ್ಕೊಂಡ್ ಬರ್ಲಿ ಅಂತ ಹತ್ತು ವರ್ಷ ಸುಮ್ಮನಿದ್ದೆ" ಅಂದರು. ದಿನಕ್ಕೆ ಒಂದು ಪ್ಯಾಕ್ ಸೇದುವವರು ಅವರು.

ಗೋಡೆ, ಬೋರ್ಡು, ಬೆಂಚು

ಬೋರ್ಡು ಮೂಲೆಯಲ್ಲಿ ಎಲ್ಲೋ ಹಾಕಿ ಕೈ ತೊಳೆದುಕೊಂಡರೆ ಆಗುವುದಿಲ್ಲ. ಅಳತೆ 60 ಸೆಂಟಿಮೀಟರ್‌ಗೆ 30, ಬಿಳಿ ಹಿನ್ನೆಲೆ, ಒಳಗೆ ಬರುವ ಪ್ರತಿ ಬಾಗಿಲಲ್ಲೂ, ಮಹಡಿ ಇದ್ದರೆ ಪ್ರತಿ ಮಹಡಿಯಲ್ಲೂ. ಯಾರಿಗೆ ದೂರು ಕೊಡಬೇಕೋ ಅವರ ಹೆಸರು ಕಾಣುವ ಹಾಗೆ ಇರಬೇಕು. ನಮ್ಮಲ್ಲಿ ಅದು ನನ್ನದೇ. ಹೆಸರು ಹಾಕಲು ಹಿಂಜರಿಯುವ ಮ್ಯಾನೇಜರ್‌ಗಳನ್ನು ನೋಡಿದ್ದೇನೆ, ಅಂಥವರ ಬಾರ್‌ನಲ್ಲಿ ಬೋರ್ಡಿನ ಕೆಳಗೇ ಕೂತು ಸೇದುತ್ತಾರೆ. ಆಶ್‌ಟ್ರೇ, ಬೆಂಕಿಪೊಟ್ಟಣ, ಲೈಟರ್ ಯಾವುದನ್ನೂ ಟೇಬಲಿಗೆ ಕೊಡಬಾರದು. ಓನರ್ ಒಪ್ಪದಿದ್ದರೆ ಈ ಒಂದು ಮಾತು ಹೇಳಿ: ದೂರು ಬಂದರೂ ಸುಮ್ಮನಿದ್ದರೆ, ಎಷ್ಟು ಜನ ಸೇದುತ್ತಿದ್ದರೋ ಅಷ್ಟು ದಂಡ ಜಾಗದ ಹೊಣೆ ಹೊತ್ತವರ ಮೇಲೇ ಬೀಳುತ್ತದೆ.

30 ಜನ ಕೂರುವಷ್ಟು ಜಾಗ ಇರುವ ರೆಸ್ಟೋರೆಂಟ್, 30 ರೂಮಿನ ಹೋಟೆಲ್ ಬೇರೆ ಸ್ಮೋಕಿಂಗ್ ರೂಮ್ ಮಾಡಬಹುದು. ಪರದೆ ಕಟ್ಟಿ ಸ್ಮೋಕಿಂಗ್ ಏರಿಯಾ ಅಂದರೆ ನಡೆಯುವುದಿಲ್ಲ. ನಾಲ್ಕೂ ಕಡೆ ಚಾವಣಿವರೆಗೆ ಗೋಡೆ, ತಾನೇ ಮುಚ್ಚಿಕೊಳ್ಳುವ ಬಾಗಿಲು, ಹೊಗೆಯನ್ನು ನೇರ ಹೊರಗೆ ಎಳೆದು ಹಾಕುವ ವ್ಯವಸ್ಥೆ ಬೇಕು. ಒಳಕ್ಕೆ ಹೊರಕ್ಕೆ ಹೋಗುವ ದಾರಿಯಲ್ಲಿ ಆ ರೂಮ್ ಇರಬಾರದು. ಎಲ್ಲಕ್ಕಿಂತ ಮುಖ್ಯ, ಅಲ್ಲಿ ಸೇದುವುದು ಬಿಟ್ಟು ಬೇರೆ ಯಾವ ಸರ್ವೀಸೂ ಇರಬಾರದು. ಇದನ್ನು ಮುರಿಯುವವರೇ ಹೆಚ್ಚು. ಗಾಜಿನ ರೂಮ್ ಕಟ್ಟಿ ಒಳಗೆ ಟೇಬಲ್ ಹಾಕಿ, ಹುಡುಗನನ್ನು ಟ್ರೇ ಹಿಡಿಸಿ ಕಳಿಸುತ್ತಾರೆ. ಮೂವತ್ತು ಜನರ ಹೊಗೆಯನ್ನು ಒಂದು ಪೆಟ್ಟಿಗೆಯಲ್ಲಿ ತುಂಬಿ ಅದರೊಳಗೆ ಒಬ್ಬ ಹುಡುಗನನ್ನು ನಿಲ್ಲಿಸಿದ ಹಾಗೆ ಅದು. ನಿಮ್ಮನ್ನು ಹಾಗೆ ಕಳಿಸಿದರೆ ಬೇಡ ಅನ್ನಿ. ನಾನು ಒಂದು ಕಡೆ ಆ ಮಾತಿಗೇ ಕೆಲಸ ಬಿಟ್ಟು ಬಂದವನು.

ಬೆಂಚಿನ ಜಾಗ ಯೋಚಿಸಿ ಇಡಿ. ಮೊದಲು ನಾವು ಮುಂಬಾಗಿಲ ಪಕ್ಕ ಇಟ್ಟಿದ್ದೆವು. ಬಾಗಿಲು ತೆಗೆದಾಗಲೆಲ್ಲ ಹೊಗೆ ಒಳಗೇ ಬಂತು. ಹತ್ತು ಹೆಜ್ಜೆಯಲ್ಲಿ ಬಸ್ ಸ್ಟಾಪ್ ಬೇರೆ, ಸೇದುತ್ತಾ ಸೇದುತ್ತಾ ಜನ ಅದರ ನೆರಳಿಗೆ ಹೋಗಿ ನಿಲ್ಲುತ್ತಿದ್ದರು. ತೆರೆದ ಜಾಗವಾದರೂ ಬಸ್ ಸ್ಟಾಪ್, ರೈಲ್ವೆ ಸ್ಟೇಷನ್, ಸ್ಟೇಡಿಯಂನಲ್ಲಿ ಸೇದುವ ಹಾಗಿಲ್ಲ. ಮೇಲ್ಮಹಡಿಯ ಟೈಲರ್ ಅಂಗಡಿಯ ಅಕ್ಕ ಒಂದು ದಿನ ಕೆಳಗಿಳಿದು ಬಂದು, "ಅಣ್ಣ, ನಿಮ್ಮ ಒಳಗಿನ ಹೊಗೆಯನ್ನ ನನ್ನ ಕಿಟಕಿಗೆ ಕಳಿಸಿದ್ರಲ್ಲ, ಬ್ಲೌಸ್ ಪೀಸೆಲ್ಲ ವಾಸನೆ" ಅಂದರು. ಮರುದಿನವೇ ಬೆಂಚು ಹಿಂದಿನ ಪಾರ್ಕಿಂಗಿಗೆ ಹೋಯಿತು.

ಗಿರಾಕಿಗಳಿಗೆ ಒಂದು ಮಾತು. ಪಕ್ಕದವರು ಹಚ್ಚಿದರೆ ನೀವೇ ಜಗಳಕ್ಕೆ ಹೋಗಬೇಡಿ, ಕುಡಿದ ಜಾಗದಲ್ಲಿ ಮಾತು ಎಲ್ಲಿಗೆ ಹೋಗುತ್ತದೋ ಹೇಳಲಾಗದು. ಬೋರ್ಡಿನಲ್ಲಿ ಹೆಸರಿರುವವರನ್ನು ಕರೆಯಿರಿ, ಅದು ಅವರ ಕೆಲಸ. ಮುಖ ಸಿಂಡರಿಸಿಕೊಂಡು ಎದ್ದು ಹೋಗುವವರಿಗಿಂತ ಹೀಗೆ ಕರೆದು ಹೇಳುವವರಿಂದ ನಮಗೆ ಉಪಕಾರವಾಗುತ್ತದೆ.

ಬೆಂಚಿನಲ್ಲಿ ಕೂತವರು ಒಮ್ಮೊಮ್ಮೆ ತಾವಾಗಿಯೇ "ಬಿಡಬೇಕು ಕಣಯ್ಯಾ" ಅಂತಾರೆ. ಅವರಿಗೆ ಬುದ್ಧಿವಾದ ಬೇಡ. ನಮ್ಮ ಬಿಲ್ ಪುಸ್ತಕದ ಹಿಂದೆ 1800-11-2356 ಅಂತ ಬರೆದಿಟ್ಟಿದ್ದೇವೆ, ತಂಬಾಕು ಬಿಡಲು ಸಹಾಯ ಮಾಡುವ ಸರ್ಕಾರಿ ನಂಬರ್, ಫ್ರೀ. ಹರಿದು ಕೈಗೆ ಕೊಟ್ಟರೆ ಸಾಕು.

ಕೊನೆಗೆ ಟಾಯ್ಲೆಟ್. ಹೊರಗೆ ಮಳೆ ಬಂದರೆ ಜನ ಸೇದಲು ಅಲ್ಲಿಗೇ ಹೋಗುತ್ತಾರೆ. ಮಳೆಗಾಲದಲ್ಲಿ ಬೆಂಚಿನ ಮೇಲೆ ಒಂದು ಶೀಟ್ ಹಾಕಿಸಿ, ಅರ್ಧ ತೊಂದರೆ ತಪ್ಪುತ್ತದೆ. ಆದರೂ ಬಾಗಿಲು ಹಾಕುವ ಮುಂಚೆ ಟಾಯ್ಲೆಟ್ಟಿನ ಡಸ್ಟ್‌ಬಿನ್ ನೋಡಿ, ಟಿಶ್ಯೂ ಮಧ್ಯೆ ಆರದ ತುಂಡು ಇರುತ್ತದೆ. ಬೆಂಚಿನ ಪಕ್ಕದ ಮರಳಿನ ಬಕೆಟ್ಟಿಗೆ ಎರಡು ಚೊಂಬು ನೀರು ಹಾಕಿ, ಚುಂಯ್ ಅನ್ನುವುದು ನಿಂತ ಮೇಲೆ ಶಟರ್ ಎಳೆಯಿರಿ.