ಬದುವಿನ ಜಗಳ ಕೋರ್ಟಿನ ಮೆಟ್ಟಿಲು ಹತ್ತುವ ಮೊದಲು

ಹೊಲದ ಬದು ಒಂದೇ ದಿನದಲ್ಲಿ ಸರಿಯುವುದಿಲ್ಲ. ಪ್ರತಿ ಉಳುಮೆಗೂ ನೇಗಿಲೋ ರೋಟವೇಟರೋ ಎರಡು ಬೆರಳು ಕೆರೆದುಕೊಂಡು ಹೋಗುತ್ತದೆ. ವರ್ಷಗಳು ಉರುಳಿದಂತೆ ಮೂರಡಿ ಬದು ಒಂದಡಿಗೆ ಇಳಿದಿರುತ್ತದೆ. ಆಗ ಒಬ್ಬರು ಟೇಪು ಹಿಡಿದು ಅಳೆಯಲು ನಿಲ್ಲುತ್ತಾರೆ, ಇನ್ನೊಬ್ಬರು ಬಾಯಿ ಮಾಡುತ್ತಾರೆ, ನೋಡುವವರು ಸೇರುತ್ತಾರೆ. ಎಡವಟ್ಟಾಗುವುದು ಇಲ್ಲೇ. ಮೊದಲು ದಾಖಲೆ, ಆಮೇಲೆ ಮಾತು, ಆಮೇಲೆ ಅಳತೆ, ಕೊನೆಗೆ ಬರಹ: ಈ ಕ್ರಮ ತಪ್ಪಿದರೆ ಸಣ್ಣ ವ್ಯಾಜ್ಯವೂ ದೊಡ್ಡದಾಗುತ್ತದೆ.

ಕಾಗದ ತೆಗೆದು ನೋಡಿ

ಪಹಣಿಯೊಂದನ್ನೇ ಹಿಡಿದು ವಾದಕ್ಕೆ ನಿಲ್ಲಬೇಡಿ. ಅದರಲ್ಲಿ ವಿಸ್ತೀರ್ಣ ಇರುತ್ತದೆ, ಗಡಿ ಎಲ್ಲಿ ಹಾದುಹೋಗುತ್ತದೆ ಎಂಬುದು ಇರುವುದಿಲ್ಲ. ಗಡಿಗೆ ಬೇಕಾದದ್ದು ಸರ್ವೆ ಇಲಾಖೆಯ ಟಿಪ್ಪಣಿ (ಹೊಲ ಅಳೆದು ಬರೆದಿಟ್ಟ ಅಳತೆಯ ದಾಖಲೆ), ಆಕಾರಬಂದ್ (ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯದ ದಾಖಲೆ) ಮತ್ತು ಗ್ರಾಮ ನಕಾಶೆ. ಹಳೆಯ ಟಿಪ್ಪಣಿಗಳಲ್ಲಿ ಅಳತೆ ಸರಪಳಿ–ಆಣೆ ಲೆಕ್ಕದಲ್ಲಿರುತ್ತದೆ. 33 ಅಡಿಗೆ ಒಂದು ಸರಪಳಿ, ಸರಪಳಿಗೆ 16 ಆಣೆ. ಅಂದರೆ ಒಂದು ಆಣೆಗೆ ಎರಡು ಅಡಿ ಮುಕ್ಕಾಲು ಇಂಚು. ಇಷ್ಟು ದಪ್ಪ ಲೆಕ್ಕದ ದಾಖಲೆಯಿಂದ ಅರ್ಧ ಅಡಿಯ ಜಗಳ ತೀರುವುದಿಲ್ಲ, ಅದು ಮಾತಿನಲ್ಲೇ ತೀರಬೇಕು.

ಇನ್ನೊಂದು ಸಂಗತಿಯನ್ನು ಮೊದಲೇ ಖಚಿತಪಡಿಸಿಕೊಳ್ಳಿ: ಪೋಡಿ, ಅಂದರೆ ಪ್ರತಿ ಪಾಲನ್ನೂ ಅಳೆದು ದಾಖಲೆಯಲ್ಲಿ ಬೇರೆ ಮಾಡುವ ಕೆಲಸ, ಆಗಿದೆಯೇ? ದಾಯಾದಿಗಳ ನಡುವಿನ ಜಗಳಗಳಲ್ಲಿ ಎಷ್ಟೋ ಸಲ ಭಾಗ ಬಾಯಿಮಾತಿನಲ್ಲಿ ಆಗಿರುತ್ತದೆ, ಪಹಣಿಯಲ್ಲಿ ಎಲ್ಲರ ಹೆಸರೂ ಜಂಟಿಯಾಗಿಯೇ ಉಳಿದಿರುತ್ತದೆ. ಅಂಥ ಜಮೀನಿನ ಒಳಗೆ ಅಣ್ಣನ ಪಾಲು ಎಲ್ಲಿ ಮುಗಿದು ತಮ್ಮನದು ಎಲ್ಲಿ ಶುರುವಾಗುತ್ತದೆ ಎಂಬ ಗೆರೆ ಸರ್ಕಾರದ ದಾಖಲೆಯಲ್ಲೇ ಇಲ್ಲ. ಇಲ್ಲದ ಗೆರೆಯನ್ನು ಹದ್ದುಬಸ್ತು ಮಾಡಿಸಲು (ಸರ್ವೆಯರ್ ಬಂದು ಅಳೆದು ಗಡಿ ಗುರುತಿಸಲು) ಅರ್ಜಿ ಹಾಕಿದರೆ ದುಡ್ಡೂ ದಿನವೂ ದಂಡ. ಮೊದಲು ಎಲ್ಲ ಪಾಲುದಾರರೂ ಕೂತು ಭಾಗ ಒಪ್ಪಿಕೊಂಡು, ಪೋಡಿ ಮಾಡಿಸಿ.

ಜಗಳದ ಗಾತ್ರ ಎಷ್ಟು ಎಂದೂ ಲೆಕ್ಕ ಹಾಕಿ. ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರಡಿ. 363 ಅಡಿ ಉದ್ದದ ಬದು ಉದ್ದಕ್ಕೂ 3 ಅಡಿ ಸರಿದಿದ್ದರೆ ಹೋದದ್ದು ಸರಿಯಾಗಿ 1 ಗುಂಟೆ. ಈ ಅಂಕಿ ತಲೆಯಲ್ಲಿದ್ದರೆ ವಕೀಲರಿಗೆ ಎಷ್ಟು ಖರ್ಚು ಮಾಡಬಹುದು, ಎಷ್ಟನ್ನು ಬಿಟ್ಟುಕೊಡಬಹುದು ಎಂಬುದು ತಾನಾಗಿ ತಿಳಿಯುತ್ತದೆ.

ಮಾತಿಗೆ ಕೂರುವುದು

ಸುಗ್ಗಿ ಮುಗಿದು ಮುಂಗಾರಿನ ಉಳುಮೆ ಶುರುವಾಗುವ ಮೊದಲಿನ ತಿಂಗಳುಗಳೇ ಸರಿಯಾದ ಕಾಲ. ಪೈರು ನಿಂತಿದ್ದರೆ ಅಳತೆ ಆಗುವುದಿಲ್ಲ. ಬಿತ್ತನೆಯ ಹೊತ್ತಿನಲ್ಲಿ ಯಾರಿಗೂ ತಾಳ್ಮೆ ಇರುವುದಿಲ್ಲ. ಅರಳಿಕಟ್ಟೆಯ ಮೇಲೆ, ಹೋಟೆಲಿನ ಮುಂದೆ ಈ ವಿಷಯ ಎತ್ತಲೇಬೇಡಿ. ನಾಲ್ಕು ಜನರ ಎದುರು ಸೋತೆ ಅನ್ನಿಸಿಕೊಳ್ಳಲು ಯಾರೂ ಒಪ್ಪುವುದಿಲ್ಲ. ಅವರ ಮನೆಗೇ ಹೋಗಿ, ಕುಡಿದಿಲ್ಲದ ಹೊತ್ತು ನೋಡಿ, ಒಬ್ಬರೇ ಹೋಗಿ.

“ನಮ್ಮ ಹೊಲ ಒತ್ತುವರಿ ಮಾಡಿದ್ದೀರಿ” ಎಂದು ಶುರು ಮಾಡಿದರೆ ಎದುರಿನವರಿಗೆ ಉಳಿಯುವುದು ಎರಡೇ ದಾರಿ: ಕಳ್ಳತನ ಒಪ್ಪಿಕೊಳ್ಳಬೇಕು, ಇಲ್ಲವೇ ಜಗಳಕ್ಕೆ ನಿಲ್ಲಬೇಕು. ಅದರ ಬದಲು ಹೀಗೆ ಕೇಳಬಹುದು: “ಮಾವ, ಬಿತ್ತೋಕೆ ಮುಂಚೆ ಇಬ್ರೂ ನಿಂತು ಗಡಿ ಒಂದ್ಸಲ ನೋಡ್ಕೊಳ್ಳೋಣ. ಅಳತೆ ಹೆಂಗೆ ಬಂದ್ರೂ ನಾನು ಒಪ್ತೀನಿ, ನಿಮಗೆ ಬರೋದಿದ್ರೆ ಬಿಟ್ಟುಕೊಡ್ತೀನಿ.” ಕೊನೆಯ ಮಾತು ಮುಖ್ಯ. ಅದನ್ನು ಮನಸಾರೆ ಹೇಳಲಾಗದಿದ್ದರೆ ಇನ್ನೂ ಮಾತಿಗೆ ಹೋಗುವ ಹೊತ್ತು ಬಂದಿಲ್ಲ.

ಆಮೇಲೆ ಸುಮ್ಮನೆ ಕೇಳಿಸಿಕೊಳ್ಳಿ. “ಈ ಬದುವಿನಿಂದ ನಿಮಗೇನು ತೊಂದರೆ?” ಎಂದು ಕೇಳಿದರೆ ಬರುವ ಉತ್ತರ ಎಷ್ಟೋ ಸಲ ನೆಲದ ಬಗ್ಗೆ ಇರುವುದೇ ಇಲ್ಲ. ಮೇಲಿನ ಹೊಲದ ಮಳೆನೀರು ನುಗ್ಗಿ ಕೆಳಗಿನ ಪೈರು ಕೊಳೆಯುತ್ತಿರುತ್ತದೆ. ಟ್ರ್ಯಾಕ್ಟರ್ ತಿರುಗಿಸಲು ಜಾಗ ಸಾಲದಿರುತ್ತದೆ. ಬದುವಿನ ಬೇವಿನ ಮರದ ನೆರಳು ರಾಗಿಯ ಮೇಲೆ ಬೀಳುತ್ತಿರುತ್ತದೆ. ದನಕ್ಕೆ ಬದುವಿನ ಹುಲ್ಲು ಯಾರು ಕೊಯ್ಯಬೇಕು ಎಂಬುದೇ ಮೂಲವಾಗಿರಬಹುದು. ಕಾಲುವೆ ತೆಗೆದರೆ, ಕೊಂಬೆ ಸವರಿದರೆ, ಹುಲ್ಲನ್ನು ವರ್ಷಕ್ಕೊಬ್ಬರಂತೆ ಕೊಯ್ದುಕೊಂಡರೆ ಮುಗಿಯುವ ವಿಷಯಕ್ಕೆ ಸರ್ವೆಯರ್ ಬೇಕಿಲ್ಲ. ಅವರು ಹೇಳಿದ್ದನ್ನು ನಿಮ್ಮ ಬಾಯಲ್ಲಿ ಒಮ್ಮೆ ತಿರುಗಿ ಹೇಳಿ: “ಅಂದ್ರೆ ನಿಮಗೆ ನೀರಿಂದೇ ತೊಂದರೆ, ಅಲ್ವಾ?” ಸರಿಯಾಗಿ ಅರ್ಥವಾಗಿದೆ ಎಂದು ಅವರು ತಲೆಯಾಡಿಸಿದ ಮೇಲೆ ನಿಮ್ಮ ಮಾತು ಎತ್ತಿ. ದನಿ ಏರಿತೆಂದರೆ “ನಾಳೆ ಬರ್ತೀನಿ” ಎಂದು ಎದ್ದು ಬನ್ನಿ, ಬರುತ್ತೇನೆಂದ ಮೇಲೆ ಹೋಗಲೇಬೇಕು.

ಮಧ್ಯಸ್ಥರು ಬೇಕಾದರೆ ಇಬ್ಬರೂ ಒಪ್ಪಿದ ಒಬ್ಬರೇ ಇರಲಿ, ಆ ಬದುವಿನಲ್ಲಿ ಅವರಿಗೆ ಪಾಲಿರಬಾರದು. ಒಂದು ಕಡೆಯವರು ಜಾತಿಯ ಕಾರಣಕ್ಕೋ ಹೆಣ್ಣೆಂಬ ಕಾರಣಕ್ಕೋ ಸಮನಾಗಿ ಕೂತು ಮಾತಾಡಲಾಗದ ಕಡೆ ಊರ ಪಂಚಾಯಿತಿಗೆ ಹೋಗಬೇಡಿ. ಅಲ್ಲಿ ಬರುವುದು ಒಪ್ಪಂದವಲ್ಲ, ಹೇರಿಕೆ.

ಅಳತೆಯ ದಿನ

ನಾಡಕಚೇರಿಯಲ್ಲಿ ಹದ್ದುಬಸ್ತಿಗೆ ಅರ್ಜಿ ಹಾಕಬಹುದು. ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸ್ ಹೋಗುತ್ತದೆ. ನೋಟಿಸ್ ಮುಟ್ಟುವ ಮೊದಲೇ ನೀವೇ ಹೋಗಿ ತಿಳಿಸಿ, ಪೊಲೀಸರನ್ನು ಕರೆಸಿದಷ್ಟೇ ಸಿಟ್ಟು ಸರ್ಕಾರಿ ಕಾಗದದಿಂದಲೂ ಬರುತ್ತದೆ. ಶುಲ್ಕವನ್ನು ಇಬ್ಬರೂ ಅರ್ಧರ್ಧ ಹಾಕಿಕೊಂಡರೆ ‘ಅವರ ಸರ್ವೆಯರ್’ ಎಂಬ ಅನುಮಾನ ಹುಟ್ಟುವುದಿಲ್ಲ.

ಟೇಪಿನಿಂದ ನೀವೇ ಅಳೆದಾಗ ಆಗುವ ಎರಡು ತಪ್ಪುಗಳಿವೆ. ಇಳಿಜಾರಿನ ಮೇಲೆ ನೆಲಕ್ಕೊತ್ತಿ ಟೇಪು ಹಿಡಿದರೆ ಅಳತೆ ಹೆಚ್ಚು ತೋರಿಸುತ್ತದೆ, ನಕಾಶೆಯ ಅಳತೆ ಸಮತಟ್ಟಿನದು. ಎರಡನೆಯದು ಇನ್ನೂ ಕೆಟ್ಟದ್ದು: ಯಾರೋ ಕಿತ್ತು ಬೇರೆಡೆ ನೆಟ್ಟ ಕಲ್ಲನ್ನೇ ಮೂಲ ಬಾಂದುಕಲ್ಲು ಎಂದು ನಂಬಿ ಅಲ್ಲಿಂದ ಎಳೆಯುವುದು. ಒಂದೇ ಕಲ್ಲನ್ನು ನೆಚ್ಚದೆ, ನಕಾಶೆಯಲ್ಲಿರುವ ಎರಡು ಮೂರು ಕಲ್ಲುಗಳಿಂದ ತಾಳೆ ನೋಡುವಂತೆ ಸರ್ವೆಯರನ್ನು ಕೇಳಿ.

ಗುರುತು ಮಾಡಿದ ದಿನವೇ ಎರಡೂ ತುದಿಯಲ್ಲಿ, ಗಡಿ ತಿರುಗುವ ಪ್ರತಿ ಮೂಲೆಯಲ್ಲಿ ಕಲ್ಲು ಹೂಳಿಸಿ. ನಾಳೆ ನೋಡೋಣ ಎಂದರೆ ಸುಣ್ಣದ ಗೆರೆ ರಾತ್ರಿಯ ಮಳೆಗೆ ಹೋಗಿರುತ್ತದೆ. ಇಬ್ಬರೂ ಪಕ್ಕದಲ್ಲಿ ನಿಂತಿರುವಂತೆ ಪ್ರತಿ ಕಲ್ಲಿನ ಫೋಟೋ ತೆಗೆದಿಡಿ.

ಬರೆದಿಡುವುದು

ಯಾವ ಸರ್ವೆ ನಂಬರು, ಕಲ್ಲುಗಳು ಎಲ್ಲಿವೆ, ಬದು ಎಷ್ಟು ಅಗಲ, ಮರದ ಫಲ ಯಾರಿಗೆ, ನೀರು ಯಾವ ಕಡೆ ಬಿಡಬೇಕು, ಬೆಳೆದು ನಿಂತ ಪೈರಿದ್ದರೆ ಯಾವ ತಿಂಗಳೊಳಗೆ ತೆರವು, ಇಷ್ಟೂ ಇರಲಿ. ಪಹಣಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಸಹಿ ಹಾಕಲಿ. ಪಾಲಿಗೆ ಹಕ್ಕಿರುವ ಅಕ್ಕತಂಗಿಯರನ್ನು ಬಿಟ್ಟು ಬರೆದ ಪತ್ರ ಮುಂದೆ ನಿಲ್ಲುವುದು ಕಷ್ಟ.

ಆದರೆ ಇರುವ ಗಡಿಯನ್ನು ಒಪ್ಪಿಕೊಳ್ಳುವುದು ಬೇರೆ, ನೆಲವನ್ನು ಕೊಟ್ಟು ತೆಗೆದುಕೊಳ್ಳುವುದು ಬೇರೆ. “ಇಲ್ಲಿ ಒಂದು ಗುಂಟೆ ನೀವಿಟ್ಟುಕೊಳ್ಳಿ, ಅಲ್ಲಿ ಒಂದು ಗುಂಟೆ ನನಗೆ” ಎಂಬುದು ಅದಲುಬದಲು. ಅದಕ್ಕೆ ಛಾಪಾ ಕಾಗದದ ಬರಹ ಸಾಲದು, ನಕ್ಷೆ ಮಾಡಿಸಿ ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಆಗಬೇಕು.

ಒಪ್ಪದಿದ್ದರೆ

ಹೊಡೆತ, ಆಯುಧ, ಜಾತಿ ನಿಂದನೆ ಬಂದರೆ ರಾಜಿಯ ಮಾತು ಅಲ್ಲಿಗೇ ನಿಲ್ಲಲಿ, 112ಕ್ಕೆ ಕರೆ ಮಾಡಿ. ಬರೀ ಹಟವಾದರೆ ತಾಲ್ಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ, ಕೇಸು ಹಾಕುವ ಮೊದಲೇ ವಿಷಯವನ್ನು ಲೋಕ ಅದಾಲತ್‌ಗೆ ತರಬಹುದು. ಶುಲ್ಕವಿಲ್ಲ. ಸಹಾಯವಾಣಿ 15100. ಅಲ್ಲಿ ಆದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲವಿರುತ್ತದೆ, ಅದರ ಮೇಲೆ ಅಪೀಲು ಇಲ್ಲ. ಆದ್ದರಿಂದ ಸಹಿ ಹಾಕುವ ಮೊದಲು ಪೂರ್ತಿ ಓದಿಸಿಕೊಂಡು ಕೇಳಿ. ಮಾತುಕತೆ ಎಷ್ಟು ನಿಧಾನವಾದರೂ ಒಂದು ಲೆಕ್ಕ ನೆನಪಿರಲಿ: ನಿಮ್ಮ ನೆಲದಲ್ಲಿ ಇನ್ನೊಬ್ಬರು ನಿಮ್ಮ ಹಕ್ಕಿಗೆ ವಿರುದ್ಧವಾಗಿ ಬಹಿರಂಗವಾಗಿ 12 ವರ್ಷ ಉಳುಮೆ ಮಾಡಿಕೊಂಡು ಬಂದರೆ, ಅದನ್ನು ಕೋರ್ಟಿನಲ್ಲಿ ಮರಳಿ ಕೇಳುವ ಹಕ್ಕೇ ಕೈತಪ್ಪಬಹುದು.